ನಂಬಿದವರೇ ಕೈಕೊಟ್ಟಾಗ ಕ್ರಿಸ್ತನಂತೆ ಪ್ರೀತಿಸುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ಶತ್ರು ಮಾಡಿದ ಕೇಡು ಒಂಥರಾ. ನಮ್ಮವರು ಅಂದುಕೊಂಡವರು ಮಾಡಿದ ಕೇಡು ಇನ್ನೊಂಥರಾ. 55ನೇ ಕೀರ್ತನೆಯಲ್ಲಿ ದಾವೀದ ಇದನ್ನೇ ಹೇಳಿಕೊಂಡು ಅಳುತ್ತಾನೆ. ವೈರಿ ಬೈದಿದ್ದರೆ ಹೇಗೋ ತಾಳಿಕೊಳ್ಳುತ್ತಿದ್ದೆ, ಹಗೆಯವನಾಗಿದ್ದರೆ ಅವನಿಂದ ಅಡಗಿಕೊಳ್ಳುತ್ತಿದ್ದೆ. ಆದರೆ ಇದನ್ನು ಮಾಡಿದವನು ನೀನು, ನನ್ನ ಆಪ್ತ, ನನ್ನ ಜೊತೆ ದೇವಾಲಯಕ್ಕೆ ನಡೆದು ಬರುತ್ತಿದ್ದವನು ಅನ್ನುವುದು ಅವನ ಸಂಕಟ.

ಇಂಥ ಸಮಯದಲ್ಲಿ ವಿಶ್ವಾಸಿಗಳಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ ಸಾಲಿನದು: ಕ್ಷಮಿಸಿ ಮರೆತುಬಿಡಿ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲ. ಹೀಗಾಗಿ ಎಷ್ಟೋ ಜನ ಬಾಯಲ್ಲಿ "ಕ್ಷಮಿಸಿದ್ದೇನೆ" ಅಂತಾರೆ, ಒಳಗೆ ಕುದಿಯುತ್ತಾ ಇರುತ್ತಾರೆ. ಇನ್ನು ಕೆಲವರು ಮೋಸ ಮಾಡಿದವರ ಕೈಗೆ ಮತ್ತೆ ಎಲ್ಲವನ್ನೂ ಕೊಟ್ಟು ಎರಡನೇ ಸಲ ಬೀಳುತ್ತಾರೆ. ಇವೆರಡನ್ನೂ ಕ್ರಿಸ್ತನ ಪ್ರೀತಿ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಈ ಬರಹದುದ್ದಕ್ಕೂ ಒಂದು ಮಾತು ನೆನಪಿರಲಿ. ಕ್ಷಮೆಯನ್ನು ನೀವೊಬ್ಬರೇ ಕೊಡಬಹುದು, ಎದುರಿನವರು ಕೇಳದಿದ್ದರೂ ಕೊಡಬಹುದು. ಕಳೆದುಹೋದ ನಂಬಿಕೆಯನ್ನು ಮಾತ್ರ ಇಬ್ಬರೂ ಸೇರಿಯೇ ಕಟ್ಟಬೇಕು. ಈ ಎರಡನ್ನು ಒಂದೇ ಅಂದುಕೊಂಡಾಗಲೇ ನಮ್ಮ ಜಾಸ್ತಿ ಗೊಂದಲ ಶುರುವಾಗುವುದು.

ಮೊದಲೇ ಹೇಳಬೇಕಾದ ಒಂದು ವಿಷಯ

ನಿಮಗೆ ಆಗಿರುವುದು ಹೊಡೆತ, ಲೈಂಗಿಕ ದೌರ್ಜನ್ಯ ಅಥವಾ ಜೀವ ಬೆದರಿಕೆ ಆಗಿದ್ದರೆ, ಮಕ್ಕಳ ಮೇಲೆ ಕೈ ಹೋಗಿದ್ದರೆ, ಮುಂದಿನ ಹಂತಗಳನ್ನು ಓದುವ ಮೊದಲು ಅಲ್ಲಿಂದ ಹೊರಗೆ ಬನ್ನಿ. ನಂಬುವ ಒಬ್ಬರಿಗೆ ಹೇಳಿ. ದೂರು ಕೊಡಬೇಕಿದ್ದರೆ ಕೊಡಿ. ಕೆಟ್ಟದ್ದನ್ನು ಮಾಡುವವರನ್ನು ತಡೆಯಲು ಅಧಿಕಾರಿಗಳನ್ನು ದೇವರೇ ಇಟ್ಟಿದ್ದಾನೆ ಅಂತ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಹೇಳುತ್ತದೆ. ಅದೇ ಪತ್ರದ 12ನೇ ಅಧ್ಯಾಯ ಸೇಡು ಬೇಡ ಅನ್ನುತ್ತದೆ. ಎರಡನ್ನೂ ಬರೆದದ್ದು ಅಪೊಸ್ತಲ ಪೌಲನೇ, ಎರಡೂ ಒಂದರ ಪಕ್ಕ ಒಂದು ಇವೆ. ದೂರು ಕೊಟ್ಟರೆ ನಾನು ಕ್ರೈಸ್ತಳಾಗಿ ಸೋತೆ ಅಂತ ಯಾರಾದರೂ ನಿಮಗೆ ಅನ್ನಿಸುವ ಹಾಗೆ ಮಾಡಿದ್ದರೆ, ಆ ಭಾರವನ್ನು ಇಲ್ಲೇ ಕೆಳಗಿಡಿ.

ಹಂತ 1: ಆದದ್ದನ್ನು ಆದ ಹಾಗೇ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಮೂರು ವಿಷಯ ಬರೆಯಿರಿ. ಅವರು ಏನು ಮಾಡಿದರು? ಅದರಿಂದ ನಾನು ಏನು ಕಳೆದುಕೊಂಡೆ? ಇದರಲ್ಲಿ ನನಗೆ ಗೊತ್ತಿರುವುದು ಎಷ್ಟು, ನಾನು ಊಹಿಸಿದ್ದು ಎಷ್ಟು?

ಒಂದು ಉದಾಹರಣೆ ನೋಡೋಣ. ನಿಮ್ಮ ದಾಂಪತ್ಯದ ಕಷ್ಟವನ್ನು ಪ್ರಾರ್ಥನೆಗಾಗಿ ಒಬ್ಬ ಸ್ನೇಹಿತೆಯ ಹತ್ತಿರ ಹೇಳಿಕೊಂಡಿರಿ. ಎರಡು ವಾರದಲ್ಲಿ ಅದು ಸಭೆಯಲ್ಲೆಲ್ಲ ಹರಡಿತು. ಹಾಳೆಯ ಮೇಲೆ ಬರಬೇಕಾದದ್ದು ಹೀಗೆ: "ನಾನು ಗುಟ್ಟಾಗಿ ಹೇಳಿದ್ದನ್ನು ಅವಳು ಇಬ್ಬರಿಗೆ ಹೇಳಿದ್ದಾಳೆ. ಅವರಿಂದಲೇ ನನಗೆ ಗೊತ್ತಾಯಿತು. ನನ್ನ ಗಂಡನ ಮುಂದೆ ನನ್ನ ಮರ್ಯಾದೆ ಹೋಯಿತು. ಆರಾಧನೆಗೆ ಹೋಗಲು ನಾಚಿಕೆಯಾಗುತ್ತಿದೆ. ಅವಳು ಬೇಕಂತಲೇ ಮಾಡಿದಳು ಅನ್ನಿಸುತ್ತಿದೆ, ಆದರೆ ಅದು ನನಗೆ ಗೊತ್ತಿಲ್ಲ."

ಕೊನೆಯ ಸಾಲು ನೋಡಿ. ಅದನ್ನು ಬರೆಯುವುದು ಬಹಳ ಕಷ್ಟ. ನೋವಾದಾಗ ಊಹೆಗಳೆಲ್ಲ ಸಾಕ್ಷಿಗಳ ಹಾಗೆ ಕಾಣುತ್ತವೆ. "ಅವಳು ಮೊದಲಿನಿಂದಲೂ ಹೀಗೇ" ಅಂತ ಹಳೆಯದೆಲ್ಲ ಎದ್ದು ಬರುತ್ತದೆ. ಹಾಳೆಯ ಮೇಲೆ ಇಳಿಸಿದಾಗ ಯಾವುದು ನಿಜವಾಗಿ ಆದದ್ದು, ಯಾವುದು ಮನಸ್ಸು ಸೇರಿಸಿದ್ದು ಅಂತ ಬೇರೆ ಮಾಡಿ ನೋಡಲು ಸಾಧ್ಯವಾಗುತ್ತದೆ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. "ಪರವಾಗಿಲ್ಲ, ಅಷ್ಟೇನೂ ದೊಡ್ಡ ವಿಷಯವಲ್ಲ" ಅಂತ ತೇಲಿಸಿಬಿಡುವುದು. ಪರವಾಗಿಲ್ಲ ಅನ್ನುವಂಥದ್ದನ್ನು ಕ್ಷಮಿಸುವ ಅಗತ್ಯವೇ ಇಲ್ಲ, ಅಲ್ವಾ? ತಪ್ಪನ್ನು ತಪ್ಪು ಅಂತ ಒಪ್ಪಿಕೊಂಡ ಮೇಲೆಯೇ ಕ್ಷಮೆಗೆ ಜಾಗ. ಯೋಸೇಫ ಅಣ್ಣಂದಿರ ಮುಂದೆ ತನ್ನ ಗುರುತು ಹೇಳಿದಾಗ ಮಾತನ್ನು ಮೆತ್ತಗೆ ಮಾಡಲಿಲ್ಲ. "ನೀವು ಐಗುಪ್ತಕ್ಕೆ ಮಾರಿದ ನಿಮ್ಮ ತಮ್ಮ ಯೋಸೇಫ ನಾನೇ" ಅಂದ. ಮಾರಿದ್ದು ಮಾರಿದ್ದೇ.

ಹಂತ 2: ಕೋಪವನ್ನು ಮೊದಲು ದೇವರ ಮುಂದೆ ಸುರಿಯಿರಿ

ಕೋಪ ಬಂದದ್ದಕ್ಕೆ ನಾಚಿಕೊಳ್ಳಬೇಡಿ. ಕೋಪ ಬಂದರೂ ಪಾಪ ಮಾಡಬೇಡಿ ಅಂತ ಎಫೆಸದವರಿಗೆ ಬರೆದ ಪತ್ರ (4:26) ಹೇಳುತ್ತದೆ. ಅಂದರೆ ಕೋಪ ಬರುತ್ತದೆ ಅಂತ ಒಪ್ಪಿಕೊಂಡೇ ಮಾತು ಶುರುವಾಗುತ್ತದೆ. 55ನೇ ಕೀರ್ತನೆಯಲ್ಲಿ ದಾವೀದ ಕೈಕೊಟ್ಟವರು ಜೀವಂತವಾಗಿ ಪಾತಾಳಕ್ಕೆ ಇಳಿಯಲಿ ಅನ್ನುತ್ತಾನೆ. 109ನೇ ಕೀರ್ತನೆ ಓದಿದರೆ ಇನ್ನೂ ಬೆಚ್ಚಿಬೀಳುತ್ತೀರಿ. ಇವೆಲ್ಲ ಪವಿತ್ರ ಗ್ರಂಥದಲ್ಲಿ ಹಾಗೇ ಉಳಿದಿವೆ. ಯಾಕೆ? ನನಗೆ ಅನ್ನಿಸುವುದು ಇಷ್ಟು: ಆ ಮಾತುಗಳನ್ನು ಆಡಲು ಎಲ್ಲಕ್ಕಿಂತ ಸುರಕ್ಷಿತ ಜಾಗ ದೇವರ ಮುಂದೆಯೇ. ದಾವೀದ ಸೇಡನ್ನು ಬಾಯಲ್ಲಿ ಹೇಳಿ ದೇವರ ಕೈಗೆ ಬಿಟ್ಟ. ಅದನ್ನು ತನ್ನ ಕತ್ತಿಗೆ ಕೊಡಲಿಲ್ಲ.

ಮಾಡುವುದು ಹೇಗೆ? ಒಬ್ಬರೇ ಇರುವ ಜಾಗ ಹುಡುಕಿ. 55ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಆಮೇಲೆ ನಿಮ್ಮ ಮಾತಿನಲ್ಲಿ, ನೀವು ದಿನಾ ಆಡುವ ಭಾಷೆಯಲ್ಲೇ ಹೇಳಿ. ಚಂದದ ಪ್ರಾರ್ಥನೆ ಬೇಕಿಲ್ಲ. ಅಳು ಬಂದರೆ ಅಳಿ.

ಈ ಹಂತದಲ್ಲಿ ಫೋನ್ ದೂರ ಇಡಿ. ಕುದಿಯುವ ಹೊತ್ತಿನಲ್ಲಿ ಆ ವ್ಯಕ್ತಿಗೆ ಮೆಸೇಜ್ ಕಳಿಸಬೇಡಿ. ಹೆಸರು ಹೇಳದೆ ಚುಚ್ಚುವ ವಚನವನ್ನು ಸ್ಟೇಟಸ್ ಹಾಕುವುದೂ ಬೇಡ. ದೇವರ ವಾಕ್ಯವನ್ನು ಕಲ್ಲಿನ ಹಾಗೆ ಎಸೆಯುವುದು ಅದು. ಯಾರಿಗಾದರೂ ಹೇಳಿಕೊಳ್ಳಲೇಬೇಕು ಅನ್ನಿಸಿದರೆ ಬಾಯಿ ಬಿಗಿಹಿಡಿಯುವ ಒಬ್ಬರನ್ನು ಆರಿಸಿ, ಅವರಿಗಷ್ಟೇ ಹೇಳಿ.

ಹಂತ 3: ಅವರು ಸೋತರಾ, ದ್ರೋಹ ಮಾಡಿದರಾ?

ಇಲ್ಲಿ ಸ್ವಲ್ಪ ನಿಧಾನಿಸೋಣ. ನಮಗೆ ಆಗುವ ನೋವು ಎರಡರಲ್ಲೂ ಒಂದೇ ಥರ ಇರಬಹುದು, ಆದರೆ ಮುಂದಿನ ದಾರಿ ಬೇರೆಯಾಗುತ್ತದೆ.

ಯೇಸುವಿನ ಕೊನೆಯ ರಾತ್ರಿಯನ್ನೇ ನೋಡಿ. ಆ ಒಂದೇ ರಾತ್ರಿಯಲ್ಲಿ ಮೂರು ಥರದ ಜನ ಅವರನ್ನು ಕೈಬಿಟ್ಟರು. ಗೆತ್ಸೆಮನೆ ತೋಟದಲ್ಲಿ ಎಚ್ಚರವಾಗಿರಿ ಅಂದರೆ ಮೂವರು ಶಿಷ್ಯರು ನಿದ್ದೆ ಹೋದರು. ಅದು ದೌರ್ಬಲ್ಯ. ಮನಸ್ಸು ಸಿದ್ಧವಾಗಿದೆ, ದೇಹಕ್ಕೆ ಬಲ ಸಾಲದು ಅಂತ ಯೇಸುವೇ ಅವರ ಪರವಾಗಿ ಹೇಳಿದರು. ಶಿಷ್ಯ ಪೇತ್ರ ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ, ಆತನನ್ನು ನಾನರಿಯೆ ಅಂತ ಮೂರು ಸಲ ಹೇಳಿದ. ಅದು ಭಯ. ಕೋಳಿ ಕೂಗಿದಾಗ ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ. ಇಸ್ಕರಿಯೋತ ಯೂದ ಮೊದಲೇ ಹೋಗಿ ಎಷ್ಟು ಕೊಡುತ್ತೀರಿ ಅಂತ ಕೇಳಿ, 30 ಬೆಳ್ಳಿ ನಾಣ್ಯಕ್ಕೆ ಒಪ್ಪಿ, ನಾನು ಯಾರಿಗೆ ಮುತ್ತಿಡುತ್ತೇನೋ ಆತನೇ ಯೇಸು ಅಂತ ಗುರುತು ಹೇಳಿಕೊಟ್ಟ. ಅದು ಲೆಕ್ಕ ಹಾಕಿ ಮಾಡಿದ ದ್ರೋಹ.

ನಿಮ್ಮ ವಿಷಯದಲ್ಲಿ ಇದನ್ನು ತಿಳಿಯಲು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಅವರು ಇದನ್ನು ಮೊದಲೇ ಯೋಚಿಸಿ ಮಾಡಿದರಾ, ಇಲ್ಲಾ ಒತ್ತಡದಲ್ಲಿ ಜಾರಿದರಾ? ಅವರಿಗೆ ಇದರಿಂದ ಲಾಭ ಆಯಿತಾ? ಸಿಕ್ಕಿಬಿದ್ದ ಮೇಲೆ ಒಪ್ಪಿಕೊಂಡರಾ, ಸುಳ್ಳಿನ ಮೇಲೆ ಸುಳ್ಳು ಪೋಣಿಸಿದರಾ? ಇದು ಮೊದಲ ಸಲವಾ, ಹಳೆಯ ಚಾಳಿಯಾ? ಇನ್ನೊಂದು ಪ್ರಶ್ನೆಯನ್ನು ಕೇಳಲು ಧೈರ್ಯ ಬೇಕು: ಅವರು ಕೊಡದೇ ಇದ್ದ ಮಾತನ್ನು ಕೊಟ್ಟಿದ್ದಾರೆ ಅಂತ ನಾನೇ ಅಂದುಕೊಂಡಿದ್ದೆನಾ? ಎಷ್ಟೋ ಸಲ ದ್ರೋಹ ಅಂತ ಕಂಡದ್ದು ನಾವು ಹೇಳದೇ ಇಟ್ಟುಕೊಂಡಿದ್ದ ನಿರೀಕ್ಷೆ ಮುರಿದದ್ದಾಗಿರುತ್ತದೆ.

ಆದರೆ ಒಂದು ಎಚ್ಚರಿಕೆ. ಸೋತವರನ್ನು ಪ್ರೀತಿಸಿ, ದ್ರೋಹ ಮಾಡಿದವರನ್ನು ಬಿಡಿ ಅಂತ ಇದರ ಅರ್ಥವಲ್ಲ. ಯೋಹಾನ 13ನೇ ಅಧ್ಯಾಯದಲ್ಲಿ ಯೇಸು ಶಿಷ್ಯರ ಕಾಲು ತೊಳೆದಾಗ ಯೂದ ಇನ್ನೂ ಅಲ್ಲೇ ಇದ್ದ. ಅವನು ಏನು ಮಾಡಲಿದ್ದಾನೆ ಅಂತ ಯೇಸುವಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಕಾಲುಗಳನ್ನೂ ನೀರಲ್ಲಿ ತೊಳೆದು ಒರೆಸಿದರು. ತೋಟದಲ್ಲಿ ಮುತ್ತಿಡಲು ಬಂದಾಗ "ಗೆಳೆಯನೇ" ಅಂದರು. ಪ್ರೀತಿ ಪೇತ್ರನಿಗೂ ಸಿಕ್ಕಿತು, ಯೂದನಿಗೂ ಸಿಕ್ಕಿತು. ಬೇರೆಯಾದದ್ದು ಮುಂದೆ ಆ ಸಂಬಂಧ ಎಲ್ಲಿಗೆ ಹೋಯಿತು ಅನ್ನುವುದು ಮಾತ್ರ.

ಹಂತ 4: ವಸೂಲಿ ಮಾಡುವ ಹಕ್ಕನ್ನು ಬಿಟ್ಟುಕೊಡಿ

ಕ್ಷಮೆ ಅಂದರೆ ಏನು ಅಂತ ಯೇಸು ವಿವರಿಸಿದ್ದು ಸಾಲದ ಲೆಕ್ಕದಲ್ಲಿ (ಮತ್ತಾಯ 18:21-35). ಒಬ್ಬ ಸೇವಕ ಅರಸನಿಗೆ 10,000 ತಲಾಂತು ಕೊಡಬೇಕಿತ್ತು. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಒಬ್ಬ ಕೂಲಿಯವನ ಒಂದು ದಿನದ ಸಂಬಳ. ಲೆಕ್ಕ ಹಾಕಿದರೆ 6 ಕೋಟಿ ದಿನಗಳ ಕೂಲಿ. ಯಾವ ಜನ್ಮಕ್ಕೂ ತೀರದ ಸಾಲ ಅದು. ಅರಸ ಕನಿಕರಪಟ್ಟು ಬಿಟ್ಟುಬಿಟ್ಟ. ಅದೇ ಸೇವಕ ಹೊರಗೆ ಬಂದು ತನಗೆ 100 ದಿನಾರಿ ಕೊಡಬೇಕಿದ್ದ ಜೊತೆಯವನ ಕುತ್ತಿಗೆ ಹಿಡಿದ.

ಇದನ್ನು ಓದುವಾಗ ನಾವು 100 ದಿನಾರಿಯನ್ನು ಚಿಲ್ಲರೆ ಕಾಸು ಅಂದುಕೊಳ್ಳುತ್ತೇವೆ. ಅದು 100 ದಿನಗಳ ಕೂಲಿ. ಮೂರು ತಿಂಗಳಿಗೂ ಹೆಚ್ಚಿನ ದುಡಿಮೆ. ದಿನಗೂಲಿಯವನಿಗೆ ಅದು ಹೊಟ್ಟೆಯ ಪ್ರಶ್ನೆ. ನಿಮಗೆ ಆದ ಅನ್ಯಾಯ ಸಣ್ಣದು ಅಂತ ಯೇಸು ಹೇಳುತ್ತಿಲ್ಲ. ಅದು ನಿಜವಾದ ಸಾಲವೇ, ದೊಡ್ಡ ಸಾಲವೇ. ಅದಕ್ಕಿಂತ ಎಷ್ಟೋ ದೊಡ್ಡದನ್ನು ನಿನಗೆ ಬಿಟ್ಟಿದ್ದಾರೆ ಅನ್ನುವುದನ್ನು ನೆನಪಿಟ್ಟುಕೊಂಡು ಇದನ್ನು ಬಿಡು ಅನ್ನುತ್ತಿದ್ದಾರೆ.

ನಾವು ಈ ಸಾಲವನ್ನು ವಸೂಲಿ ಮಾಡುವ ರೀತಿಗಳು ಬಹಳ. ಮಾತು ಬಿಡುವುದು. ಬೇಕಂತಲೇ ತಣ್ಣಗಿರುವುದು. ನಾಲ್ಕು ಜನರ ಮುಂದೆ ಹಳೆಯದನ್ನು ಎತ್ತಿ ಆಡುವುದು. ಅವರು ಎಡವಿದ ಸುದ್ದಿ ಕೇಳಿ ಒಳಗೊಳಗೇ ಖುಷಿಪಡುವುದು. ಮಲಗಿದಾಗ ಅವರಿಗೆ ಹೇಗೆ ಬುದ್ಧಿ ಕಲಿಸಬಹುದಿತ್ತು ಅಂತ ಮತ್ತೆ ಮತ್ತೆ ಮನಸ್ಸಿನಲ್ಲಿ ನಾಟಕ ಆಡಿಸಿಕೊಳ್ಳುವುದು. ಇವುಗಳಲ್ಲಿ ನಿಮ್ಮದು ಯಾವುದು ಅಂತ ಗುರುತಿಸಿ.

ಆಮೇಲೆ ಹಂತ 1ರ ಹಾಳೆಯನ್ನು ಕೈಯಲ್ಲಿ ಹಿಡಿದು, ಒಂದೊಂದೇ ಸಾಲು ಓದುತ್ತಾ ಪ್ರಾರ್ಥಿಸಿ: "ಕರ್ತನೇ, ಇವರು ನನ್ನಿಂದ ಇದನ್ನು ಕಿತ್ತುಕೊಂಡರು. ಇದನ್ನು ಅವರಿಂದ ವಸೂಲಿ ಮಾಡುವ ಹಕ್ಕನ್ನು ನಿನ್ನ ಕೈಗೆ ಕೊಡುತ್ತೇನೆ. ನನ್ನ ಮಾತಿನಿಂದ, ಮೌನದಿಂದ, ಮುಖಭಾವದಿಂದ ನಾನು ಇದನ್ನು ಮತ್ತೆ ಕೇಳುವುದಿಲ್ಲ." ಎಲ್ಲಾ ಸಾಲುಗಳಿಗೂ ಒಂದೇ ದಿನ ಹೀಗೆ ಹೇಳಲು ಆಗದಿರಬಹುದು. ಆಗುವ ಸಾಲಿಗೆ ಹೇಳಿ. ಉಳಿದದ್ದರ ಬಗ್ಗೆ "ಇನ್ನೂ ನನ್ನ ಕೈಯಲ್ಲಿ ಆಗುತ್ತಿಲ್ಲ, ಸಹಾಯ ಮಾಡು" ಅಂತ ಕೇಳಿ. ದೇವರ ಮುಂದೆ ಸುಳ್ಳು ಕ್ಷಮೆ ಬೇಡ.

ಮನಸ್ಸು ಹಗುರವಾದ ಮೇಲೆ ಕ್ಷಮಿಸುತ್ತೇನೆ ಅಂತ ಕಾಯುವವರು ಬಹಳ ಜನ. ಕೋರಿ ಟೆನ್ ಬೂಮ್ ಅವರ ಬದುಕಿನ ಒಂದು ಘಟನೆ ಇದಕ್ಕೆ ಉತ್ತರ ಅನ್ನಿಸುತ್ತದೆ. ಹಾಲೆಂಡಿನ ಈ ಕುಟುಂಬ ನಾಜಿಗಳಿಂದ ಯೆಹೂದ್ಯರನ್ನು ತಮ್ಮ ಮನೆಯಲ್ಲಿ ಬಚ್ಚಿಟ್ಟಿತ್ತು. 1944ರ ಫೆಬ್ರವರಿಯಲ್ಲಿ ಸಹಾಯ ಕೇಳುವ ನೆಪದಲ್ಲಿ ಬಂದ ಒಬ್ಬ ಮಾಹಿತಿದಾರ ಅವರನ್ನು ಹಿಡಿದುಕೊಟ್ಟ. ತಂದೆ ಸೆರೆಯಲ್ಲಿದ್ದಾಗಲೇ ತೀರಿಕೊಂಡರು. ಅಕ್ಕ ಬೆಟ್ಸಿ ಅದೇ ವರ್ಷ ನಾಜಿಗಳ ರಾವೆನ್ಸ್‌ಬ್ರುಕ್ ಸೆರೆಶಿಬಿರದಲ್ಲಿ ಸತ್ತರು. ಕೋರಿ ಬದುಕಿ ಬಂದರು. 1947ರಲ್ಲಿ ಮ್ಯೂನಿಕ್‌ನ ಒಂದು ಸಭೆಯಲ್ಲಿ ದೇವರ ಕ್ಷಮೆಯ ಬಗ್ಗೆ ಮಾತಾಡಿ ಮುಗಿಸಿದಾಗ ಒಬ್ಬ ಗಂಡಸು ಎದುರು ಬಂದು ಕೈ ಚಾಚಿದ. ಅವನು ಆ ಶಿಬಿರದ ಕಾವಲುಗಾರನಾಗಿದ್ದವನು. ಕೋರಿಗೆ ಗುರುತು ಸಿಕ್ಕಿತು. ಕೈ ಮೇಲೇಳಲಿಲ್ಲ. ಒಳಗೆ ಪ್ರೀತಿಯ ಸುಳಿವೂ ಇರಲಿಲ್ಲ. ಕೈಯನ್ನಾದರೂ ಎತ್ತುತ್ತೇನೆ, ಭಾವನೆಯನ್ನು ನೀನೇ ಕೊಡು ಅಂತ ಮನಸ್ಸಿನಲ್ಲೇ ಬೇಡಿಕೊಂಡು, ಯಂತ್ರದ ಹಾಗೆ ಕೈ ಮುಂದಿಟ್ಟರು. ಪ್ರೀತಿ ಬಂದದ್ದು ಅದಾದ ಮೇಲೆ ಅಂತ ಅವರೇ ಹೇಳಿಕೊಂಡಿದ್ದಾರೆ.

ಎಲ್ಲರಿಗೂ ಅಷ್ಟು ಬೇಗ ಆಗುವುದಿಲ್ಲ. ಇವತ್ತು ಬಿಟ್ಟ ಸಾಲ ನಾಳೆ ಬೆಳಿಗ್ಗೆ ಮತ್ತೆ ಲೆಕ್ಕದ ಪುಸ್ತಕ ಬಿಚ್ಚಿಕೊಂಡು ಕೂರುತ್ತದೆ. ಆಗ ಮತ್ತೆ ಬಿಡಿ. ಎಷ್ಟು ಸಲ, ಏಳು ಸಲವೋ ಅಂತ ಪೇತ್ರ ಕೇಳಿದ್ದಕ್ಕೆ ಏಳೆಪ್ಪತ್ತು ಸಲ ಅಂತ ಉತ್ತರ ಬಂತು. ಒಂದೇ ತಪ್ಪನ್ನು ಮನಸ್ಸಿನಲ್ಲಿ ಅಷ್ಟು ಸಲ ಕ್ಷಮಿಸಬೇಕಾಗಿ ಬರಬಹುದು.

ಹಂತ 5: ಅವರ ಒಳಿತಿಗಾಗಿ ಪ್ರಾರ್ಥಿಸಿ

"ಕರ್ತನೇ, ಅವನಿಗೆ ಬುದ್ಧಿ ಕೊಡು" ಅನ್ನುವುದು ಎಷ್ಟೋ ಸಲ ಪ್ರಾರ್ಥನೆಯ ರೂಪದಲ್ಲಿರುವ ದೂರು. ಅಲ್ಲಿಂದ ಶುರು ಮಾಡಬೇಡಿ. ಯಾರಿಗೇ ಆದರೂ ಬೇಕಾಗುವ ಸಣ್ಣ ಸಂಗತಿಗಳಿಂದ ಶುರು ಮಾಡಿ. ಅವರ ಆರೋಗ್ಯ. ಅವರ ಮಕ್ಕಳ ಓದು. ಅವರ ಕೆಲಸ. ರಾತ್ರಿ ನೆಮ್ಮದಿಯ ನಿದ್ದೆ. ದಿನಕ್ಕೆ ಎರಡು ನಿಮಿಷ ಸಾಕು.

ಕೆಲವು ವಾರ ಹೀಗೆ ಮಾಡಿದ ಮೇಲೆ ಅವರ ಬದುಕನ್ನು ಇನ್ನೂ ಹತ್ತಿರದಿಂದ ನೋಡಲು ಪ್ರಯತ್ನಿಸಿ. ಅವರು ಯಾವ ಭಯದಲ್ಲಿದ್ದರು? ಯಾರ ಮುಂದೆ ಒಳ್ಳೆಯವರಾಗಬೇಕು ಅಂತ ಒದ್ದಾಡುತ್ತಿದ್ದರು? ಇದು ತಪ್ಪಿಗೆ ನೆಪ ಹುಡುಕುವ ಕೆಲಸವಲ್ಲ. ಅವರೂ ದೇವರು ಸೃಷ್ಟಿಸಿದ ಒಂದು ಜೀವ, ಆ ಒಂದು ತಪ್ಪಿಗಿಂತ ದೊಡ್ಡವರು ಅಂತ ಕಾಣಬೇಕು. ಕನಿಕರ ಅಲ್ಲಿಂದಲೇ ಹುಟ್ಟುವುದು. ಶಿಲುಬೆಯ ಮೇಲೆ ಯೇಸು, ತಂದೆಯೇ ಇವರನ್ನು ಕ್ಷಮಿಸು, ತಾವು ಏನು ಮಾಡುತ್ತಿದ್ದೇವೆಂದು ಇವರಿಗೆ ತಿಳಿಯದು ಅಂದರು. ತಪ್ಪು ಮಾಡುತ್ತಿದ್ದವರ ಕುರುಡನ್ನು ಆ ನೋವಿನ ನಡುವೆಯೂ ಅವರು ಕಂಡರು.

ಸಾಧ್ಯವಾದರೆ ಒಂದು ಸಣ್ಣ ಒಳ್ಳೆಯ ಕೆಲಸ ಮಾಡಿ. ನಿನ್ನ ವೈರಿ ಹಸಿದಿದ್ದರೆ ಊಟಕ್ಕೆ ಬಡಿಸು ಅಂತ ಜ್ಞಾನೋಕ್ತಿ 25ರಲ್ಲಿ ಇರುವ ಮಾತನ್ನೇ ಪೌಲ ರೋಮಾಪುರದವರಿಗೆ ಮತ್ತೆ ಬರೆದ. ಅವರ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ ಹೋಗಿ ನೋಡುವುದು, ಅವರ ಬಗ್ಗೆ ಸುಳ್ಳು ಹರಡುತ್ತಿದ್ದಾಗ "ಅದು ನಿಜ ಅಲ್ಲ" ಅಂತ ಹೇಳುವುದು. ಇದನ್ನು ಯಾರಿಗೂ ತೋರಿಸಿಕೊಳ್ಳಬೇಡಿ.

ಹಂತ 6: ಎದುರಾ ಎದುರು ಮಾತಾಡಿ

ಮತ್ತಾಯ 18:15-17ರಲ್ಲಿ ಯೇಸು ಕೊಟ್ಟ ಕ್ರಮ ಸ್ಪಷ್ಟವಾಗಿದೆ. ಮೊದಲು ನೀವಿಬ್ಬರೇ ಇರುವಾಗ ತಪ್ಪನ್ನು ತಿಳಿಸು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ನಾವು ಮಾಡುವುದು ಇದರ ತಿರುವುಮುರುವು. ಮೊದಲು ಇಡೀ ಸಭೆಗೆ ಗೊತ್ತಾಗುತ್ತದೆ. ಕೊನೆಗೆ ಆ ವ್ಯಕ್ತಿಗೆ ಗೊತ್ತಾಗುತ್ತದೆ.

ಈ ಮಾತುಕತೆಯ ಗುರಿ ಸಹೋದರನನ್ನು ಸಂಪಾದಿಸಿಕೊಳ್ಳುವುದು ಅಂತ ಅದೇ ವಚನ ಹೇಳುತ್ತದೆ. ವಾದದಲ್ಲಿ ಗೆಲ್ಲಲು ಹೋಗುವುದಾದರೆ ಇನ್ನೂ ಕೆಲವು ದಿನ ಹಂತ 5ರಲ್ಲೇ ಇರಿ.

ಮಾತು ಹೀಗಿರಬಹುದು: "ನಿನ್ನ ಹತ್ತಿರ ಒಂದು ಕಷ್ಟದ ಮಾತು ಹೇಳಬೇಕು. ನಾನು ನಂಬಿ ಹೇಳಿದ್ದ ವಿಷಯ ನಿನ್ನಿಂದ ಇಬ್ಬರಿಗೆ ಹೋಗಿದೆ ಅಂತ ಗೊತ್ತಾಯಿತು. ನನಗೆ ತುಂಬಾ ನೋವಾಗಿದೆ, ನಾಚಿಕೆಯೂ ಆಗಿದೆ. ನಿನ್ನ ಮೇಲೆ ಸೇಡು ಇಟ್ಟುಕೊಂಡು ಬಂದಿಲ್ಲ. ಏನಾಯಿತು ಅಂತ ನಿನ್ನ ಬಾಯಿಂದಲೇ ಕೇಳಬೇಕು ಅಂತ ಬಂದೆ." ಇಷ್ಟು ಹೇಳಿ ಸುಮ್ನೆ ಇರಿ. ಆ ಮೌನವನ್ನು ತುಂಬಲು ಹೋಗಬೇಡಿ. ಅವಳು ಉತ್ತರಿಸಲಿ.

"ನೀನು ಯಾವಾಗಲೂ", "ನೀನು ಎಂದಿಗೂ" ಅಂತ ಶುರುವಾಗುವ ವಾಕ್ಯಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ಒಂದೇ ವಿಷಯ ಮಾತಾಡಿ. ಅವರು ತಿರುಗಿ ನಿಮ್ಮ ತಪ್ಪು ಹೇಳಿದರೆ, ಅದರಲ್ಲಿ ನಿಜ ಇದ್ದರೆ, ಆ ಭಾಗಕ್ಕೆ ಅಲ್ಲೇ ಕ್ಷಮೆ ಕೇಳಿ. ಹಾಗೆ ಕೇಳಿದರೆ ನಿಮ್ಮ ನೋವು ಸುಳ್ಳಾಗುವುದಿಲ್ಲ.

ಅವರು ಪೂರ್ತಿ ಅಲ್ಲಗಳೆಯಬಹುದು. ಸಿಟ್ಟಾಗಿ ಎದ್ದು ಹೋಗಬಹುದು. ಆಗ ನಿಮ್ಮ ಕೈಯಲ್ಲಿ ಇದ್ದದ್ದನ್ನು ನೀವು ಮಾಡಿದ್ದೀರಿ. ಸಾಧ್ಯವಾದರೆ, ನಿಮ್ಮಿಂದ ಆಗುವಷ್ಟು ಮಟ್ಟಿಗೆ, ಎಲ್ಲರ ಸಂಗಡ ಸಮಾಧಾನವಾಗಿರಿ ಅಂತ ಪೌಲ ಬರೆದದ್ದು (ರೋಮಾ 12:18). ಆ ಎರಡು ಷರತ್ತುಗಳನ್ನು ಅವನು ಸುಮ್ಮನೆ ಹಾಕಿಲ್ಲ.

ಹೆದರಿಸುವ, ಹೊಡೆಯುವ, ಮಾತು ತಿರುಚುವ ವ್ಯಕ್ತಿಯ ಹತ್ತಿರ ಒಬ್ಬರೇ ಹೋಗಬೇಡಿ. ಅಲ್ಲಿ ಮೊದಲ ಮೆಟ್ಟಿಲಿಗೇ ಇನ್ನೊಬ್ಬರು ಜೊತೆಗಿರಲಿ.

ಹಂತ 7: ನಂಬಿಕೆಯನ್ನು ನಿಧಾನವಾಗಿ ಕಟ್ಟಿ, ಅಥವಾ ದೂರ ಇರಿ

ಯೋಸೇಫನ ಕಥೆಯನ್ನು ಕ್ಷಮೆಯ ಕಥೆ ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಇರುವ ಎಚ್ಚರವನ್ನು ಗಮನಿಸುವವರು ಕಡಿಮೆ. 17ರ ಹುಡುಗನನ್ನು ಅಣ್ಣಂದಿರು 20 ಬೆಳ್ಳಿ ನಾಣ್ಯಕ್ಕೆ ಮಾರಿದರು. ಐಗುಪ್ತದ ಅರಸ ಫರೋಹನ ಮುಂದೆ ನಿಂತಾಗ ಅವನಿಗೆ 30. ಏಳು ಸುಭಿಕ್ಷದ ವರ್ಷ ಕಳೆದು, ಬರದ ಎರಡನೇ ವರ್ಷದಲ್ಲಿ ಅಣ್ಣಂದಿರಿಗೆ ಗುರುತು ಹೇಳಿದ. ಅಂದರೆ ನಡುವೆ ಸುಮಾರು 22 ವರ್ಷ. ಅವರು ಮೊದಲು ಧಾನ್ಯಕ್ಕೆ ಬಂದಾಗಲೇ ಅವನಿಗೆ ಗುರುತು ಸಿಕ್ಕಿತ್ತು. ಆದರೂ ಹೇಳಲಿಲ್ಲ. ಆದರೆ ಧಾನ್ಯ ಕೊಟ್ಟ. ಅವರು ಕೊಟ್ಟ ಹಣವನ್ನು ಅವರ ಚೀಲದಲ್ಲೇ ವಾಪಸ್ ಇಡಿಸಿದ. ಪಕ್ಕದ ಕೋಣೆಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದ.

ಮತ್ತೆ ಪರೀಕ್ಷಿಸಿದ. ಕಿರಿಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿ ಬಟ್ಟಲು ಇಡಿಸಿ, ಅವನನ್ನು ಆಳಾಗಿ ಇಟ್ಟುಕೊಳ್ಳುತ್ತೇನೆ ಅಂದ. ಅಪ್ಪನ ಮುದ್ದಿನ ಮಗ, ಗುಲಾಮತನ, ಬಿಟ್ಟುಹೋಗಲು ಸುಲಭದ ದಾರಿ. ಹಳೆಯ ಸನ್ನಿವೇಶವೇ ಮತ್ತೆ ಎದುರಾಯಿತು. ಯೋಸೇಫನನ್ನು ಮಾರೋಣ ಅಂತ ಅಂದು ಸಲಹೆ ಕೊಟ್ಟಿದ್ದ ಯೆಹೂದನೇ ಈಗ ಮುಂದೆ ಬಂದು, ಹುಡುಗನ ಬದಲು ನಾನು ಆಳಾಗಿ ಉಳಿಯುತ್ತೇನೆ ಅಂದ. ಯೋಸೇಫ ತಡೆದುಕೊಳ್ಳಲಾಗದೆ ಗಟ್ಟಿಯಾಗಿ ಅತ್ತದ್ದು ಆಗಲೇ.

ಪ್ರೀತಿ ಮೊದಲಿನಿಂದಲೂ ಇತ್ತು. ಬಾಗಿಲು ತೆರೆದದ್ದು ಬದಲಾವಣೆ ಕಂಡ ಮೇಲೆ.

ನಿಮ್ಮ ವಿಷಯದಲ್ಲಿ ಏನು ನೋಡಬೇಕು? ನೆಪ ಹೇಳದೆ ತಪ್ಪು ಒಪ್ಪಿಕೊಳ್ಳುತ್ತಾರಾ? ನಷ್ಟ ಭರಿಸಲು ತಾವಾಗಿ ಮುಂದೆ ಬರುತ್ತಾರಾ? ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ, ಯಾರೂ ಕೇಳಿರಲಿಲ್ಲ. "ಕ್ಷಮೆ ಕೇಳಿದ್ದೀನಲ್ಲ, ಇನ್ನೂ ಏನು?" ಅಂತ ಅವಸರ ಮಾಡುತ್ತಾರಾ, ಇಲ್ಲಾ ನಿಮಗೆ ಬೇಕಾದ ಸಮಯ ಕೊಡುತ್ತಾರಾ?

ಒಳ್ಳೆಯ ಲಕ್ಷಣಗಳು ಕಂಡರೆ ಸಣ್ಣದರಿಂದ ಶುರು ಮಾಡಿ. ಗುಟ್ಟು ಬಿಟ್ಟುಕೊಟ್ಟವಳ ಹತ್ತಿರ ಮೊದಲು ಸಣ್ಣ ಮಾತುಗಳನ್ನಷ್ಟೇ ಹಂಚಿಕೊಳ್ಳಿ. ಹಣದಲ್ಲಿ ಮೋಸ ಮಾಡಿದವನ ಜೊತೆ ಊಟ ಮಾಡಿ, ಪ್ರಾರ್ಥನೆ ಮಾಡಿ, ಆದರೆ ಸಭೆಯ ಲೆಕ್ಕಪತ್ರವನ್ನು ಬೇರೆಯವರು ನೋಡಿಕೊಳ್ಳಲಿ. ಅವನನ್ನು ಮತ್ತೆ ಅದೇ ಆಸೆಯ ಬಾಯಿಗೆ ತಳ್ಳದಿರುವುದೂ ಅವನ ಮೇಲಿನ ಕನಿಕರವೇ.

ಲಕ್ಷಣ ಕಾಣದಿದ್ದರೆ? ದಾವೀದನನ್ನು ನೋಡಿ. ಕೊಲ್ಲಲು ಬೆನ್ನಟ್ಟುತ್ತಿದ್ದ ಅರಸ ಸೌಲ ಎರಡು ಸಲ ಅವನ ಕೈಗೆ ಸಿಕ್ಕ, ಎರಡು ಸಲವೂ ದಾವೀದ ಅವನನ್ನು ಬಿಟ್ಟುಬಿಟ್ಟ. ಮೊದಲ ಸಲ ಸೌಲ ಅತ್ತ, ಎರಡನೇ ಸಲ ನನ್ನ ಮಗನೇ ದಾವೀದನೇ ಹಿಂದಿರುಗಿ ಬಾ ಅಂದ. ದಾವೀದ ಕೈ ಎತ್ತಲಿಲ್ಲ, ಕೆಟ್ಟ ಮಾತು ಆಡಲಿಲ್ಲ. ಆದರೆ ಹಿಂದಿರುಗಿ ಹೋಗಲೂ ಇಲ್ಲ. ತನ್ನ ದಾರಿ ಹಿಡಿದ (1 ಸಮುವೇಲ 26:25). ಮುಂದೆ ಸೌಲ ಸತ್ತ ಸುದ್ದಿ ಬಂದಾಗ ಬಟ್ಟೆ ಹರಿದುಕೊಂಡು ಅತ್ತ, ಶೋಕಗೀತೆ ಹಾಡಿದ. ದೂರ ಇದ್ದುಕೊಂಡೇ ಪ್ರೀತಿಸಬಹುದು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಸಿಕ್ಕಿಲ್ಲ.

ಹಂತ 8: ತಿರುಗಿ ಬಂದವರನ್ನು ಬರಮಾಡಿಕೊಳ್ಳುವ ರೀತಿ

ಯೋಹಾನ 21ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ತಿಬೇರಿಯ ಸಮುದ್ರದ ದಡ, ಬೆಳಗಿನ ಜಾವ. ರಾತ್ರಿಯಿಡೀ ಬಲೆ ಬೀಸಿ ಏನೂ ಸಿಗದ ಶಿಷ್ಯರು. ಯೇಸು ದಡದಲ್ಲಿ ಕೆಂಡ ಮಾಡಿ, ಮೀನು, ರೊಟ್ಟಿ ಸಿದ್ಧ ಮಾಡಿಕೊಂಡಿದ್ದರು. ಪೇತ್ರ "ನಾನರಿಯೆ" ಅಂದದ್ದೂ ಕೆಂಡದ ಬೆಂಕಿಯ ಪಕ್ಕದಲ್ಲೇ. ಆ ವಾಸನೆ ಮೂಗಿಗೆ ಬಡಿದಾಗ ಅವನಿಗೆ ಏನು ನೆನಪಾಗಿರಬೇಕು!

ಮೊದಲು ಊಟ. "ಬನ್ನಿ, ಊಟಮಾಡಿ" ಅಂದರು. ಹಸಿದವನನ್ನು ನಿಲ್ಲಿಸಿ ವಿಚಾರಣೆ ಮಾಡಲಿಲ್ಲ. ಊಟವಾದ ಮೇಲೆ ಪ್ರಶ್ನೆ: ನೀನು ನನ್ನನ್ನು ಪ್ರೀತಿಸುತ್ತೀಯಾ? ಮೂರು ಸಲ ಅಲ್ಲಗಳೆದವನಿಗೆ ಮೂರು ಸಲ ಪ್ರಶ್ನೆ. ಮೂರನೇ ಸಲಕ್ಕೆ ಪೇತ್ರನಿಗೆ ದುಃಖವಾಯಿತು. ಯೇಸು ಆ ನೋವನ್ನು ತಪ್ಪಿಸಲಿಲ್ಲ, ಆದರೆ ಅದಕ್ಕೆ ಅವಮಾನವನ್ನು ಸೇರಿಸಲಿಲ್ಲ. "ಯಾಕೆ ಹಾಗೆ ಮಾಡಿದೆ?" ಅಂತ ಕೇಳಲೇ ಇಲ್ಲ. ಪ್ರತಿ ಉತ್ತರಕ್ಕೂ ಕೆಲಸ ಕೊಟ್ಟರು: ನನ್ನ ಕುರಿಗಳನ್ನು ಮೇಯಿಸು.

ನಾವೂ ಹೀಗೆ ಮಾಡಬಹುದು. ತಿರುಗಿ ಬಂದವರಿಗೆ ಮೊದಲು ಕೂರಲು ಜಾಗ ಕೊಡಿ. ವಿಷಯವನ್ನು ಮುಚ್ಚಿಡದೆ ಒಮ್ಮೆ ಮಾತಾಡಿ ಮುಗಿಸಿ. ಆಮೇಲೆ ಅವರಿಗೆ ಏನಾದರೂ ಜವಾಬ್ದಾರಿ ಸಿಗಲಿ, ಸಣ್ಣದಾದರೂ ಸರಿ. ಜೀವನವಿಡೀ ಕ್ಷಮೆ ಕೇಳುತ್ತಾ ಮೂಲೆಯಲ್ಲಿ ಕೂರಿಸಬೇಡಿ.

ಇದಕ್ಕೆ ವರ್ಷಗಳು ಹಿಡಿದರೂ ಗಾಬರಿ ಬೇಡ. ಸುವಾರ್ತೆ ಸಾರುವ ಪ್ರಯಾಣದಲ್ಲಿ ಜೊತೆಗಿದ್ದ ಮಾರ್ಕ, ಪಂಫುಲ್ಯ ಪ್ರಾಂತ್ಯದಲ್ಲಿ ಪೌಲ, ಬಾರ್ನಬರನ್ನು ಬಿಟ್ಟು ಹೊರಟುಹೋಗಿದ್ದ. ಮುಂದಿನ ಪ್ರಯಾಣಕ್ಕೆ ಅವನನ್ನು ಕರೆದುಕೊಂಡು ಹೋಗಲು ಪೌಲ ಒಪ್ಪಲಿಲ್ಲ. ಬಾರ್ನಬ ಬಿಡಲಿಲ್ಲ. ಆ ಜಗಳದಲ್ಲಿ ಪೌಲ, ಬಾರ್ನಬರೇ ಬೇರೆಯಾದರು. ಮಾರ್ಕನಿಗೆ ಎರಡನೇ ಅವಕಾಶ ಕೊಟ್ಟದ್ದು ಬಾರ್ನಬ. ಎಷ್ಟೋ ವರ್ಷದ ಮೇಲೆ, ಸೆರೆಮನೆಯಿಂದ ತಿಮೊಥೆಯನಿಗೆ ಪೌಲ ಬರೆದ: ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಸೇವೆಯಲ್ಲಿ ಉಪಯೋಗವಿದೆ. ನೋವಾದವರಿಗೆ ಆಗದ ಕೆಲಸವನ್ನು ಕೆಲವೊಮ್ಮೆ ಬೇರೊಬ್ಬರು ಮಾಡಬೇಕಾಗುತ್ತದೆ. ನೀವು ಆ ಬೇರೊಬ್ಬರ ಜಾಗದಲ್ಲಿದ್ದರೆ ಹಿಂಜರಿಯಬೇಡಿ.

ಅದೇ ಪತ್ರದ ಅದೇ ಅಧ್ಯಾಯದಲ್ಲಿ (2 ತಿಮೊಥೆಯ 4) ಪೌಲ ಇನ್ನೂ ಮೂರು ಥರದವರ ಲೆಕ್ಕ ಹೇಳುತ್ತಾನೆ. ದೇಮ ಬಿಟ್ಟುಹೋದ ಅಂತ ದುಃಖಪಡುತ್ತಾನೆ. ಕಂಚುಗಾರ ಅಲೆಕ್ಸಾಂದ್ರನಿಂದ ಬಹಳ ಕೇಡಾಯಿತು, ನೀನೂ ಎಚ್ಚರವಾಗಿರು ಅಂತ ತಿಮೊಥೆಯನಿಗೆ ಹೇಳುತ್ತಾನೆ, ಅವನಿಗೆ ತಕ್ಕದ್ದನ್ನು ಕರ್ತನೇ ನೋಡಿಕೊಳ್ಳುತ್ತಾನೆ ಅನ್ನುತ್ತಾನೆ. ವಿಚಾರಣೆಯ ದಿನ ಜೊತೆಗೆ ಬಾರದೆ ಕೈಬಿಟ್ಟವರ ಬಗ್ಗೆ, ಇದು ಅವರ ಲೆಕ್ಕಕ್ಕೆ ಸೇರದಿರಲಿ ಅನ್ನುತ್ತಾನೆ. ಎಲ್ಲರಿಗೂ ಒಂದೇ ಅಳತೆ ಇಲ್ಲ. ಯಾರ ಮೇಲೂ ಸೇಡೂ ಇಲ್ಲ.

ನೋವು ಮತ್ತೆ ಎದ್ದು ಬಂದರೆ

ಬರುತ್ತದೆ. ಒಂದು ಹಾಡು, ಒಂದು ದಿನಾಂಕ, ಅದೇ ಧ್ವನಿ. ಹಾಗೆ ಬಂದರೆ ನಿಮ್ಮ ಕ್ಷಮೆ ಸುಳ್ಳಾಗಿತ್ತು ಅಂತಲ್ಲ. ಹಂತ 4ರ ಪ್ರಾರ್ಥನೆಯನ್ನು ಮತ್ತೆ ಹೇಳಿ, ಆ ದಿನದ ಕೆಲಸಕ್ಕೆ ಹೋಗಿ. ನಿದ್ದೆ, ಊಟ ತಪ್ಪುವಷ್ಟು ಕಾಡುತ್ತಿದ್ದರೆ ಆಪ್ತ ಸಲಹೆಗಾರರನ್ನು ಕಾಣಿ. ಆ ವ್ಯಕ್ತಿ ಕ್ಷಮೆ ಕೇಳದೆಯೇ ತೀರಿಕೊಂಡಿದ್ದರೂ ಹಂತ 1, 2, 4 ನಿಮ್ಮ ಕೈಯಲ್ಲೇ ಇವೆ.

ಕೆಲವೊಮ್ಮೆ ಭಯ ಮತ್ತೆ ಎದ್ದು ಬರುವುದು ತಪ್ಪು ಮಾಡಿದವರಿಗೆ. ಯೋಸೇಫನ ತಂದೆ ಯಾಕೋಬ ಐಗುಪ್ತದಲ್ಲಿ 17 ವರ್ಷ ಬದುಕಿ ತೀರಿಕೊಂಡ ಮೇಲೆ ಅಣ್ಣಂದಿರು ನಡುಗಿದರು. ಅಪ್ಪ ಇಲ್ಲ, ಈಗ ಯೋಸೇಫ ಹಗೆ ತೀರಿಸಿಕೊಂಡರೆ ಅಂತ ಮತ್ತೆ ಬಂದು ಕಾಲಿಗೆ ಬಿದ್ದರು. ಎಂದೋ ಮುಗಿದಿದೆ ಅಂದುಕೊಂಡಿದ್ದ ವಿಷಯ. ಯೋಸೇಫ ಅತ್ತ. "ಎಷ್ಟು ಸಲ ಹೇಳಬೇಕು ನಿಮಗೆ?" ಅನ್ನಲಿಲ್ಲ. ನೀವು ಕೇಡು ಮಾಡಬೇಕೆಂದಿರಿ, ದೇವರು ಅದರಿಂದ ಒಳ್ಳೆಯದನ್ನು ಮಾಡಿದ ಅಂದ. ಹೆದರಬೇಡಿ, ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ನಾನು ಸಾಕುತ್ತೇನೆ ಅಂತ ಹೇಳಿ ಸಮಾಧಾನ ಮಾಡಿದ. ನಿಮ್ಮ ಹತ್ತಿರವೂ ಯಾರಾದರೂ ವರ್ಷಗಳ ಮೇಲೆ "ನಿಜವಾಗಲೂ ಕ್ಷಮಿಸಿದ್ದೀರಾ?" ಅಂತ ಅಳುಕುತ್ತಾ ಕೇಳಿದರೆ, ಬೇಸರಪಡದೆ ಇನ್ನೊಮ್ಮೆ ಹೌದು ಅನ್ನಿ. ಅವರ ಮಕ್ಕಳು ಹೇಗಿದ್ದಾರೆ ಅಂತಲೂ ವಿಚಾರಿಸಿ.